ಮೊಬೈಲ್ ಕಳೆದ ಮೇಲೆ ಡೇಟಿಂಗ್ ಆ್ಯಪ್ ತೆರೆಯುತ್ತಿಲ್ಲ: ಅನುಭವ ಇರುವವರು ತಿಳಿಸಿ

ಪ್ರಶ್ನೆ, ಗುಬ್ಬಿಯಿಂದ:
ತುಮಕೂರಿನ ಬಸ್ ನಿಲ್ದಾಣದಲ್ಲಿ ಮೊಬೈಲ್ ಕಳೆದುಹೋಯಿತು. ಅದೇ ಸಂಖ್ಯೆಗೆ ಬದಲಿ ಸಿಮ್ ಪಡೆದು ಹೊಸ ಮೊಬೈಲ್‌ಗೆ ಹಾಕಿದ್ದೇನೆ. ಕರೆಗಳು ಬರುತ್ತಿವೆ, ಡೇಟಿಂಗ್ ಆ್ಯಪ್‌ನ ಒಟಿಪಿ ಮಾತ್ರ ಬರುತ್ತಿಲ್ಲ. ಗೂಗಲ್ ಮೂಲಕ ಲಾಗಿನ್ ಆದರೆ ಹೆಸರು, ಫೋಟೊ ಏನೂ ಇಲ್ಲದ ಖಾಲಿ ಪುಟ ಬಂದು ಹೊಸದಾಗಿ ವಿವರ ತುಂಬಲು ಹೇಳುತ್ತದೆ. ಹಣ ಕಟ್ಟಿದ ಚಂದಾ ಇನ್ನೂ ಮುಗಿದಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಕೆಲವು ತಿಂಗಳಿಂದ ಒಬ್ಬರ ಜೊತೆ ಮಾತುಕತೆ ನಡೆಯುತ್ತಿತ್ತು. ಅವರನ್ನು ತಲುಪಲು ನನಗೆ ಆ ಆ್ಯಪ್ ಬಿಟ್ಟರೆ ದಾರಿಯಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಊರಿನ ಅಂಗಡಿಯಲ್ಲಿ ಕೇಳಲು ಸಂಕೋಚ.

ತುಮಕೂರಿನಿಂದ, ಮೊಬೈಲ್ ರಿಪೇರಿ ಮಾಡುವವರು:
ತಮ್ಮಾ, ಮೊದಲು ಆ ಸಂಕೋಚ ಬಿಡಿ. ನನ್ನ ಅಂಗಡಿಗೆ ಇಂಥ ತೊಂದರೆ ಹೊತ್ತು ಬರುವವರು ಬಹಳ ಜನ. ‘ಒಂದು ಆ್ಯಪ್ ಇದೆ ಅಣ್ಣ’ ಎಂದಷ್ಟೇ ಹೇಳಿ ಹೆಸರನ್ನು ನುಂಗಿಕೊಳ್ಳುತ್ತಾರೆ. ವಯಸ್ಸಿಗೆ ಬಂದವರು ಜೊತೆಗಾರರನ್ನು ಹುಡುಕಿಕೊಳ್ಳುವುದರಲ್ಲಿ ತಲೆ ತಗ್ಗಿಸುವಂಥದ್ದು ಏನಿದೆ?

ಸಿಮ್ ಚಾಲೂ ಆಗಿ ಎಷ್ಟು ಹೊತ್ತಾಯಿತು ಎಂದು ನೀವು ಬರೆದಿಲ್ಲ. ಬದಲಿ ಸಿಮ್ ಕೊಟ್ಟ ನಂತರ 24 ಗಂಟೆ ಎಸ್‌ಎಂಎಸ್ ತಡೆಹಿಡಿಯಬೇಕೆಂಬ ನಿಯಮವಿದೆ. ಬೇರೆ ಯಾರೋ ನಿಮ್ಮ ಸಂಖ್ಯೆಗೆ ಸಿಮ್ ಪಡೆದು ಬ್ಯಾಂಕಿನ ಒಟಿಪಿ ಕದಿಯಬಾರದು ಎಂದು ಮಾಡಿದ ಏರ್ಪಾಡು ಅದು. ಕರೆ ಬರುತ್ತದೆ, ಒಟಿಪಿ ಬರುವುದಿಲ್ಲ ಎಂದರೆ ನನ್ನ ಮೊದಲ ಗುಮಾನಿ ಇದರ ಮೇಲೆಯೇ. ಅಲ್ಲಿಯವರೆಗೆ ‘ಮತ್ತೆ ಕಳುಹಿಸಿ’ ಒತ್ತುತ್ತಾ ಕೂರಬೇಡಿ. ಹೆಚ್ಚು ಸಲ ಒತ್ತಿದರೆ ಆ್ಯಪ್ ತಾನೇ ಸ್ವಲ್ಪ ಕಾಲ ತಡೆಹಾಕುತ್ತದೆ. ಹಲವು ಒಟಿಪಿಗಳು ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಕೊನೆಯದಷ್ಟೇ ನಡೆಯುತ್ತದೆ.

ಆಮೇಲೂ ಬಾರದಿದ್ದರೆ ಮೆಸೇಜ್ ಆ್ಯಪ್‌ನಲ್ಲಿ ಸ್ಪ್ಯಾಮ್ ವಿಭಾಗ ತೆರೆದು ನೋಡಿ. ಒಟಿಪಿಗಳು ಅಲ್ಲಿ ಹೋಗಿ ಕೂತಿರುವುದುಂಟು. ರೀಚಾರ್ಜ್ ಅವಧಿ ಮುಗಿದು ದಿನ ಕಳೆದಿದ್ದರೂ ಒಳಬರುವ ಸಂದೇಶ ನಿಂತುಹೋಗುತ್ತದೆ. ಎರಡನೇ ಸಿಮ್ ಇಟ್ಟುಕೊಂಡವರಿಗೆ ಇದು ಆಗಾಗ ಆಗುವ ತೊಂದರೆ. ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿದ ಮೇಲೆ ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್‌ಗಳು ಬಂದಿವೆ, ಕೇಳಿ ಪಡೆಯಿರಿ. ಹೊಸ ಫೋನಿನ ದಿನಾಂಕ, ಸಮಯ ತಪ್ಪಾಗಿದ್ದರೂ ಆ್ಯಪ್ ಸರ್ವರ್‌ಗೆ ಸೇರುವುದಿಲ್ಲ. ಅದನ್ನು ಸ್ವಯಂಚಾಲಿತಕ್ಕೆ ಇಡಿ. ನೀವು ಇರುವ ಜಾಗವನ್ನು ಮರೆಮಾಡುವ ವಿಪಿಎನ್ ಆ್ಯಪ್ ಇದ್ದರೆ ಆಫ್ ಮಾಡಿ.

ಚಿಂತಾಮಣಿಯಿಂದ:
ಖಾಲಿ ಪುಟ ಕಂಡು ಗಾಬರಿಯಾಗಬೇಡಿ, ಹಳೆಯ ಖಾತೆ ಹೋಗಿಲ್ಲ. ಫೋನ್ ಸಂಖ್ಯೆ, ಗೂಗಲ್, ಫೇಸ್‌ಬುಕ್ ಇವೆಲ್ಲ ಒಂದೇ ಮನೆಯ ಬಾಗಿಲುಗಳು ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಒಂದೊಂದು ಬಾಗಿಲೂ ಒಂದೊಂದು ಮನೆಗೆ ತೆರೆಯುತ್ತದೆ. ಮೊದಲು ಯಾವುದರಿಂದ ಖಾತೆ ಮಾಡಿದಿರೋ ಅದರಿಂದಲೇ ಹೋಗಬೇಕು.

ಯಾವುದೆಂದು ಮರೆತಿದ್ದರೆ ನಾನು ಮಾಡಿದ್ದನ್ನು ಹೇಳುತ್ತೇನೆ. ನನ್ನ ಎಲ್ಲ ಜಿಮೇಲ್‌ಗಳಲ್ಲಿಯೂ ಆ್ಯಪ್‌ನ ಹೆಸರು ಹುಡುಕಿ, ಸ್ವಾಗತದ ಪತ್ರ ಯಾವ ವಿಳಾಸಕ್ಕೆ ಬಂದಿತ್ತೆಂದು ನೋಡಿದೆ. ಗೂಗಲ್ ಖಾತೆಯ ಭದ್ರತೆಯ ವಿಭಾಗದಲ್ಲಿ, ನೀವು ಆ ಖಾತೆಯಿಂದ ಲಾಗಿನ್ ಆಗಿರುವ ಹೊರಗಿನ ಆ್ಯಪ್‌ಗಳ ಪಟ್ಟಿ ಇರುತ್ತದೆ. ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿಯೂ ಅಂಥ ಪಟ್ಟಿಯಿದೆ. ನೀವು ಚಂದಾ ಕಟ್ಟಿದ್ದೀರಿ, ಇದು ಅನುಕೂಲವೇ ಆಯಿತು: ಪ್ಲೇ ಸ್ಟೋರ್‌ನ ಚಂದಾ ವಿಭಾಗ ತೆರೆದರೆ ಯಾವ ಜಿಮೇಲ್‌ನಿಂದ ಹಣ ಹೋಯಿತೆಂದು ತಿಳಿಯುತ್ತದೆ. ಆ ರಸೀದಿ ಮುಂದೆ ಖಾತೆ ನಿಮ್ಮದೇ ಎಂದು ತೋರಿಸಲು ಬೇಕಾಗುತ್ತದೆ, ಜೋಪಾನವಾಗಿಡಿ.

ಖಾಲಿ ಪುಟದಲ್ಲಿ ಮಾತ್ರ ಏನನ್ನೂ ತುಂಬಬೇಡಿ. ಆ್ಯಪ್ ಅನ್ನು ಫೋನಿನಿಂದ ತೆಗೆದು ಮತ್ತೆ ಹಾಕಿದರೆ ನಷ್ಟವಿಲ್ಲ, ಖಾತೆ ಸರ್ವರ್‌ನಲ್ಲಿ ಇದ್ದೇ ಇರುತ್ತದೆ. ಯಾರಾದರೂ ‘ಹಳೆಯ ಖಾತೆ ಅಳಿಸಿ ಹೊಸದು ಮಾಡು’ ಎಂದರೆ ಕೇಳಬೇಡಿ. ಖಾತೆ ಅಳಿಸಿದರೆ ಆ ಮಾತುಕತೆಯೂ ಅದರೊಂದಿಗೆ ಹೋಗುತ್ತದೆ.

ಗುಬ್ಬಿಯಿಂದ, ಪ್ರಶ್ನೆ ಕೇಳಿದವರು:
ಸಿಮ್ ಪಡೆದದ್ದು ನಿನ್ನೆ ಸಂಜೆ. ಹಾಗಾದರೆ ಕಾಯುತ್ತೇನೆ. ಇಂಟರ್ನೆಟ್‌ನಲ್ಲಿ ಹುಡುಕಿದಾಗ ಆ ಆ್ಯಪ್‌ನ ಸಹಾಯವಾಣಿ ಎಂದು ಒಂದು ಮೊಬೈಲ್ ಸಂಖ್ಯೆ ಸಿಕ್ಕಿದೆ. ಅಷ್ಟರೊಳಗೆ ಅದಕ್ಕೆ ಕರೆ ಮಾಡಿ ನೋಡಲೇ?

ಗೌರಿಬಿದನೂರಿನಿಂದ:
ಮಾಡಬೇಡಿ. ದಯವಿಟ್ಟು ಮಾಡಬೇಡಿ. ನಮ್ಮ ಚಿಕ್ಕಪ್ಪನ ಮಗ ಹೀಗೆಯೇ ಸಿಕ್ಕ ಸಂಖ್ಯೆಗೆ ಕರೆ ಮಾಡಿದ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತನಾಡಿ, ಪರದೆ ಹಂಚಿಕೊಳ್ಳುವ ಒಂದು ಆ್ಯಪ್ ಹಾಕಿಸಿದ. ಖಾತೆ ತೆರೆಯಲು ಸಣ್ಣ ಶುಲ್ಕ, ವಾಪಸು ಬರುತ್ತದೆ ಎಂದ. ಹುಡುಗ ಯುಪಿಐ ಪಿನ್ ಒತ್ತಿದ್ದನ್ನು ಕೂತಲ್ಲೇ ನೋಡಿಕೊಂಡ. ಹಣ ಹೋಯಿತು. ಅಲ್ಲಿಗೂ ಬಿಡಲಿಲ್ಲ, ‘ನೀನು ಯಾವ ಆ್ಯಪ್‌ನಲ್ಲಿದ್ದೀಯ ಎಂದು ನಿಮ್ಮ ಮನೆಯವರಿಗೆ ಹೇಳುತ್ತೇನೆ’ ಎಂದು ಹೆದರಿಸಿ ಎರಡನೇ ಸಲ ಕಿತ್ತುಕೊಂಡ. ಆ ಎರಡನೆಯ ಹಣ ಹೋದದ್ದು ನಾಚಿಕೆಗಾಗಿ. ಅವನು ನನ್ನ ಹತ್ತಿರ ಮೊದಲೇ ಬಾಯಿಬಿಟ್ಟಿದ್ದರೆ ಅದನ್ನಾದರೂ ಉಳಿಸಬಹುದಿತ್ತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಟಿಂಡರ್, ಬಂಬಲ್‌ನಂಥ ಆ್ಯಪ್‌ಗಳಿಗೆ ಸಹಾಯ ಕೇಳುವುದು ಅವುಗಳ ಸಹಾಯ ಪುಟದಲ್ಲಿರುವ ಅರ್ಜಿಯ ಮೂಲಕ, ಯಾರದೋ ಮೊಬೈಲ್ ಸಂಖ್ಯೆಯ ಮೂಲಕ ಅಲ್ಲ. ಇನ್ನೊಂದು ವಿಷಯ: *401* ಎಂದು ಆರಂಭಿಸಿ ಒಂದು ಸಂಖ್ಯೆ ಒತ್ತಲು ಹೇಳಿದರೆ ತಕ್ಷಣ ಕರೆ ಕತ್ತರಿಸಿ. ನಿಮಗೆ ಬರುವ ಕರೆಗಳನ್ನು ಅವರ ಫೋನಿಗೆ ತಿರುಗಿಸುವ ಸಂಕೇತ ಅದು; ಕರೆಯಲ್ಲಿ ಹೇಳುವ ಒಟಿಪಿ ಅವರ ಕಿವಿಗೆ ಬೀಳುತ್ತದೆ. ಇದರ ಹಾವಳಿಯಿಂದಲೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಆ ಸೌಲಭ್ಯ ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶಿಸಿತು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಶಿರಾದಿಂದ:
ಒಟಿಪಿ ಬಂದು, ಹಾಕಿದ ಮೇಲೆ ಖಾತೆ ನಿಷೇಧವಾಗಿದೆ ಎಂಬ ಸಂದೇಶ ಬಂದರೆ ಅದು ಲಾಗಿನ್ ತೊಂದರೆಯಲ್ಲ. ಸಹಾಯ ಪುಟದಲ್ಲಿ ಮೇಲ್ಮನವಿ ಹಾಕಬೇಕು. ಉತ್ತರ ಬಾರದಿದ್ದರೆ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಲೇಬೇಕು, ದೂರು ತಲುಪಿತೆಂದು 24 ಗಂಟೆಯೊಳಗೆ ತಿಳಿಸಲೇಬೇಕು.

ಮುಳಬಾಗಿಲಿನಿಂದ:
ಸಂಖ್ಯೆ ನಿಮ್ಮ ಕೈಯಲ್ಲೇ ಉಳಿದಿದೆ, ಅದೇ ಪುಣ್ಯ. ನನ್ನ ಸಿಮ್ ಅಪ್ಪನ ಹೆಸರಿನಲ್ಲಿತ್ತು. ಬದಲಿ ಸಿಮ್ ಬೇಕಾದರೆ ಅಪ್ಪನೇ ಬಂದು ಗುರುತು ಕೊಡಬೇಕು ಎಂದರು. ಅಪ್ಪನಿಗೆ ಏನೆಂದು ಹೇಳುವುದು? ಖಾತೆಗೆ ಇಮೇಲ್ ಜೋಡಿಸಿದ್ದರಿಂದ ಅದರ ಮೂಲಕ ಒಳಗೆ ಹೋಗಿ, ಸಂಖ್ಯೆಯನ್ನು ನನ್ನ ಹೆಸರಿನ ಸಿಮ್‌ಗೆ ಬದಲಾಯಿಸಿಕೊಂಡೆ. ನನ್ನಂತೆ ಮನೆಯವರ ಹೆಸರಿನ ಸಿಮ್ ಬಳಸುವ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ಈಗಲೇ ಇಮೇಲ್ ಜೋಡಿಸಿಕೊಳ್ಳಿ. ಸ್ಥಗಿತವಾದ ಸಂಖ್ಯೆಯನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟ್‌ಗೆ ತಿಳಿಸಿತ್ತು. ಅಂದರೆ ಆಮೇಲೆ ಕೊಡಬಹುದು. ಆ ಹೊಸಬರ ಫೋನಿಗೆ ನಮ್ಮ ಖಾತೆಯ ಒಟಿಪಿ ಹೋದರೆ ನಮ್ಮ ಫೋಟೊಗಳೂ ಮಾತುಗಳೂ ಅವರ ಮುಂದೆ ತೆರೆದುಕೊಳ್ಳುತ್ತವೆ.

ಕೋಲಾರದಿಂದ:
ಎಲ್ಲರೂ ಹೊಸ ಫೋನಿನ ಬಗ್ಗೆಯೇ ಬರೆದಿದ್ದೀರಿ, ನನಗೆ ಆ ಕಳೆದ ಫೋನಿನದೇ ಭಯ. ಅದರಲ್ಲಿ ಆ್ಯಪ್ ತೆರೆದೇ ಇದೆ. ತಮ್ಮಾ, ಇಂದೇ ಬೇರೆ ಯಾವುದಾದರೂ ಫೋನಿನಿಂದ ಗೂಗಲ್‌ನ ಫೋನ್ ಹುಡುಕುವ ಸೇವೆಗೆ ಹೋಗಿ ಅದನ್ನು ಲಾಕ್ ಮಾಡಿ. ಸಿಗುವ ಆಸೆ ಇಲ್ಲವೆಂದರೆ ದೂರದಿಂದಲೇ ಅಳಿಸಿಬಿಡಿ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಆ ಪ್ರತಿಯೊಂದಿಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನಿನ ಐಎಂಇಐ ಸಂಖ್ಯೆಯನ್ನು, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು, ತಡೆಹಿಡಿಸಿ. ದೂರಿನಲ್ಲಿ ಡೇಟಿಂಗ್ ಆ್ಯಪ್‌ನ ಮಾತೇ ಎತ್ತಬೇಕಾಗಿಲ್ಲ, ಫೋನ್ ಕಳೆದಿದೆ ಎಂದರೆ ಸಾಕು.

ನಾನೂ ಅಂಥ ಆ್ಯಪ್‌ನಲ್ಲಿ ಇದ್ದವಳು. ಮಾತನಾಡುತ್ತಿದ್ದವರು ದಿಢೀರನೆ ಮೌನವಾದರೆ ಬೇಸರವಾಗುತ್ತದೆ ನಿಜ, ಆದರೆ ಕಾರಣ ಹೇಳಿದರೆ ಅರ್ಥವಾಗುತ್ತದೆ. ಖಾತೆ ತೆರೆದ ಕೂಡಲೇ ಅವರಿಗೆ ನೇರವಾಗಿ ಬರೆಯಿರಿ: ಇಂಥ ದಿನ ನನ್ನ ಫೋನ್ ಕಳೆಯಿತು, ಅಂದಿನಿಂದ ಇಂದಿನವರೆಗೆ ನನ್ನ ಹೆಸರಿನಲ್ಲಿ ಏನಾದರೂ ಬಂದಿದ್ದರೆ ಅದು ನಾನು ಬರೆದದ್ದಲ್ಲ. ಹಣ ಅಥವಾ ಫೋಟೊ ಕೇಳಿದ ಸಂದೇಶ ಬಂದಿತ್ತೇ ಎಂದು ವಿಚಾರಿಸಿ. ಬಂದಿದ್ದರೆ ಅಳಿಸಬೇಡಿ ಎಂದು ಹೇಳಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ತುಮಕೂರಿನ ಸಿಇಎನ್ ಪೊಲೀಸ್ ಠಾಣೆಗೆ ಕೊಡಲು ಅದರ ಸ್ಕ್ರೀನ್‌ಶಾಟ್ ಬೇಕಾಗುತ್ತದೆ.