ತೋಟದ ಕಳವು: ಹಾಟ್‌ಸ್ಪಾಟ್ ಮ್ಯಾಪ್ ಹಾಕಿದರೆ ಪೇಟೆ ಒಂದೇ ಕೆಂಪಾಗ್ತಿದೆ, ಎಲ್ಲಿ ತಪ್ಪು?

ಹೇಮಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ಸಕಲೇಶಪುರ–ಆಲೂರು–ಬೇಲೂರು ಕಡೆಯ ಕಾಫಿ, ಮೆಣಸು ಕಳವಿನ ವಿಶ್ಲೇಷಣೆ ಮಾಡಬೇಕಾಗಿದೆ. ಮೂರು ವರ್ಷದ ಕಳವು ಎಫ್‌ಐಆರ್‌ಗಳನ್ನು ಎಕ್ಸೆಲ್‌ಗೆ ಇಳಿಸಿ, ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಹೀಟ್‌ಮ್ಯಾಪ್ (ಪ್ರಕರಣ ದಟ್ಟವಾದಷ್ಟೂ ಕೆಂಪಾಗುವ ನಕ್ಷೆ) ಹಾಕಿದೆ. ಒಟ್ಟು ನೂರೈವತ್ತರ ಒಳಗೆ ಪ್ರಕರಣ. ಬಸ್ ಸ್ಟ್ಯಾಂಡ್ ಸುತ್ತ ದೊಡ್ಡ ಕೆಂಪು, ಹೋಬಳಿ ಕೇಂದ್ರದ ಮೇಲೆ ಇನ್ನೊಂದು ಕೆಂಪು, ತೋಟಗಳಿರುವ ಜಾಗವೆಲ್ಲ ಖಾಲಿ. ಕಣದಿಂದ ಮೂಟೆ ಹೋಗ್ತಿರೋದು ಎಲ್ಲರಿಗೂ ಗೊತ್ತು, ಮ್ಯಾಪ್ ಮಾತ್ರ ಅದನ್ನು ತೋರಿಸ್ತಿಲ್ಲ. ಸಮಯದ ಗ್ರಾಫ್ ಹಾಕಿದರೆ ರಾತ್ರಿ 12ಕ್ಕೆ ಒಂದೇ ಗೋಪುರ ಎದ್ದಿದೆ, ಅದೂ ನಂಬೋ ಹಾಗಿಲ್ಲ.

ಅರೇಬಿಕಾ ಕೊಯ್ಲು ಜೋರಾಗುವ ಮುಂಚೆ ರಾತ್ರಿ ಗಸ್ತಿನ ಪಾಯಿಂಟ್ ಬದಲಿಸಬೇಕು. ಇರೋದು ಒಂದು ಜೀಪು. ಮ್ಯಾಪ್ ಸರಿ ಮಾಡೋದು ಹೇಗೆ, ಸಮಯ ಹೇಗೆ ಹಿಡಿಯೋದು, ಅದನ್ನು ಗಸ್ತಿಗೆ ಇಳಿಸೋದು ಹೇಗೆ? ತಿಳಿದವರು ವಿವರವಾಗಿ ಹೇಳಿ.

ನಕ್ಷೆಗಾರ:

ಮ್ಯಾಪ್ ಮುಚ್ಚಿ, ಮೊದಲು ಎಕ್ಸೆಲ್ ತೆಗೀರಿ. ಅಕ್ಷಾಂಶ, ರೇಖಾಂಶದ ಕಾಲಂ ಎರಡನ್ನೂ ಜೋಡಿಸಿ ಒಂದೇ ಜೋಡಿ ಎಷ್ಟು ಸಲ ಬಂದಿದೆ ಅಂತ ಎಣಿಸಿ. ಬೇರೆ ಬೇರೆ ತೋಟದ ಐದಾರು ಪ್ರಕರಣ ಆರನೇ ದಶಮಾಂಶದವರೆಗೂ ಒಂದೇ ಬಿಂದುವಿನಲ್ಲಿ ಕೂತಿದ್ದರೆ ಅದು ಕಳವಾದ ಜಾಗವಲ್ಲ. ಊರ ಹೆಸರು ಕೊಟ್ಟಾಗ ಸಾಫ್ಟ್‌ವೇರ್ ತಾನೇ ಹಾಕಿಕೊಂಡ ಊರ ಮಧ್ಯದ ಬಿಂದು, ಇಲ್ಲವೇ ಠಾಣೆಯ ಬಿಂದು. ನಿಮ್ಮ ಹೋಬಳಿ ಕೇಂದ್ರದ ಕೆಂಪು ಬಹುಶಃ ಇದೇ. ಮಲೆನಾಡಲ್ಲಿ ಒಂದು ಗ್ರಾಮ ಅಂದರೆ ಮೈಲುಗಟ್ಟಲೆ ಚದುರಿದ ಒಂಟಿ ಮನೆಗಳು. ಗ್ರಾಮದ ಬಿಂದು ಇಲ್ಲಿ ಕೆಲಸಕ್ಕೆ ಬರೋದಿಲ್ಲ.

ಸರಿ ಮಾಡುವ ದಾರಿ ಕಡತದಲ್ಲೇ ಇದೆ. ಎಫ್‌ಐಆರ್‌ನಲ್ಲಿ ಠಾಣೆಯಿಂದ ದೂರ ಮತ್ತು ದಿಕ್ಕಿನ ಕಾಲಂ ಇರುತ್ತದೆ. ಅಲ್ಲಿ ‘ಪಶ್ಚಿಮಕ್ಕೆ 14 ಕಿ.ಮೀ.’ ಅಂತಿದ್ದು ಬಿಂದು ಪೂರ್ವಕ್ಕೆ ಬಿದ್ದಿದ್ದರೆ ಆ ಸಾಲು ತಪ್ಪು. ಸ್ಥಳ ಮಹಜರಿನಲ್ಲಿ ಚಕ್ಕುಬಂದಿ ಬರೆದಿರುತ್ತಾರೆ, ಕೈನಕ್ಷೆಯೂ ಇರುತ್ತದೆ. ಪೊಲೀಸರು ಸಾಕ್ಷ್ಯ ದಾಖಲಿಸುವ ಇ-ಸಾಕ್ಷ್ಯ ಆ್ಯಪ್‌ನಲ್ಲಿ ವಿಡಿಯೊ ಮಾಡಿದ ಪ್ರಕರಣಗಳಲ್ಲಿ ಜಾಗವೂ ಸಮಯವೂ ತಾನಾಗಿ ದಾಖಲಾಗಿರುತ್ತದೆ. ಉಳಿದವಕ್ಕೆ ಆಯಾ ಬೀಟಿನವರೇ ಹೋದಾಗ ಮೊಬೈಲ್‌ನಲ್ಲಿ ಬಿಂದು ತರಲಿ. ಸಿಲ್ವರ್ ಓಕ್ ಮರದಡಿ ಜಿಪಿಎಸ್ ಅಲೆದಾಡುತ್ತದೆ. ನಿಖರತೆ 15 ಮೀಟರ್ ಒಳಗೆ ಬರುವವರೆಗೆ ಒಂದೆರಡು ನಿಮಿಷ ನಿಂತು ಆಮೇಲೆ ಒತ್ತಬೇಕು. ಅಕ್ಷಾಂಶ 12 ಅಥವಾ 13ರಿಂದ, ರೇಖಾಂಶ 75 ಅಥವಾ 76ರಿಂದ ಶುರುವಾಗಬೇಕು. ಎರಡೂ ಅದಲು ಬದಲಾದರೆ ಬಿಂದು ಉತ್ತರ ಧ್ರುವದ ಹತ್ತಿರದ ಸಮುದ್ರಕ್ಕೆ ಹೋಗಿ ಬೀಳುತ್ತದೆ, ಜಿಲ್ಲೆಯ ಮ್ಯಾಪಿನಲ್ಲಿ ಕಾಣೋದೇ ಇಲ್ಲ, ಆ ಪ್ರಕರಣ ಕಳೆದುಹೋಗಿದೆ ಅಂತಲೂ ಗೊತ್ತಾಗೋದಿಲ್ಲ. ದೂರ ಅಳೆಯುವ ಮುಂಚೆ ಲೇಯರನ್ನು ಇಪಿಎಸ್‌ಜಿ 32643ಕ್ಕೆ (ನಮ್ಮ ಭಾಗಕ್ಕೆ ಹೊಂದುವ ಮೀಟರ್ ಅಳತೆಯ ನಿರ್ದೇಶಾಂಕ ಪದ್ಧತಿ) ಬದಲಿಸಿ, ಆಗ ಅಳತೆ ಮೀಟರ್‌ನಲ್ಲಿ ಬರುತ್ತದೆ.

ತೋಟಕ್ಕೆ ಒಂದು ಬಿಂದು ಸಾಲದು. ನೂರು ಎಕರೆ ಅಂದರೆ 0.4 ಚದರ ಕಿ.ಮೀ., ಚೌಕ ಅಂದುಕೊಂಡರೂ ಪಕ್ಕಕ್ಕೆ 640 ಮೀಟರ್. ಗೇಟಿನ ಬಿಂದು ಹಾಕಿ ಕಣವನ್ನು ಹುಡುಕಿದರೆ ಸಿಗೋದಿಲ್ಲ. ಮೂರು ಬಿಂದು ತೆಗೆಯಿರಿ: ಮಾಲು ಹೋದ ಜಾಗ, ಬೇಲಿ ದಾಟಿದ ಜಾಗ, ವಾಹನ ನಿಂತಿದ್ದ ಜಾಗ. ನನ್ನ ಪ್ರಕಾರ ಮೂರನೆಯದೇ ಮುಖ್ಯ. 50 ಕೆ.ಜಿ. ಮೂಟೆಯನ್ನು ಕತ್ತಲಲ್ಲಿ ಇಳಿಜಾರಿನಲ್ಲಿ ಹೊತ್ತು ಯಾರೂ ದೂರ ನಡೆಯೋದಿಲ್ಲ. ಕಣಗಳು ನೂರಾರು ಇರಬಹುದು, ಪಿಕಪ್ ನಿಲ್ಲಿಸಿ ತಿರುಗಿಸಿಕೊಳ್ಳುವ ಮಣ್ಣು ರಸ್ತೆಯ ತಿರುವುಗಳು ಬೆರಳೆಣಿಕೆಯಷ್ಟು. ಚಕ್ರದ ಗುರುತು, ಚೆಲ್ಲಿದ ಕಾಳು, ಚೀಲದ ದಾರ ಸಿಗೋದು ಅಲ್ಲೇ.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. 2024ರ ಜುಲೈ 1ಕ್ಕೆ ಕಾನೂನು ಬದಲಾಯಿತು, ಅದಕ್ಕೂ ಹಿಂದಿನ ಪ್ರಕರಣ ಪಟ್ಟಿಯಲ್ಲಿದ್ದರೆ ಒಂದಷ್ಟು ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ), ಉಳಿದವು ಬಿಎನ್‌ಎಸ್ (ಈಗಿನ ಭಾರತೀಯ ನ್ಯಾಯ ಸಂಹಿತೆ). ಕಳವಿನ ಹಳೆಯ ಸೆಕ್ಷನ್ 379 ಅಂತ ಫಿಲ್ಟರ್ ಹಾಕಿದರೆ ಆಮೇಲಿನ 303(2) ಬರೋದಿಲ್ಲ. ರಾತ್ರಿ ಕನ್ನದ 457 ಈಗ 331(4), ಮನೆ ಕಳವಿನ 380 ಈಗ 305. ಸೆಕ್ಷನ್ ಸರಿಪಡಿಸಿದರೂ ಕೆಲಸ ಅರ್ಧವೇ. ಬಸ್ ಸ್ಟ್ಯಾಂಡಿನ ಬೈಕ್, ಜೇಬುಗಳ್ಳತನ, ಕಣದ ಕಾಫಿ, ಕೊಳವೆಬಾವಿಯ ತಾಮ್ರದ ಕೇಬಲ್ ನಾಲ್ಕೂ ಒಂದೇ ಸೆಕ್ಷನ್‌ಗೆ ಬರುತ್ತವೆ. ‘ಏನು ಹೋಯಿತು’, ‘ಎಂಥ ಜಾಗದಿಂದ ಹೋಯಿತು’ ಅಂತ ಎರಡು ಕಾಲಂ ಹೊಸದಾಗಿ ಸೇರಿಸಿ, ಎಫ್‌ಐಆರ್ ಓದಿ ಕೈಯಲ್ಲೇ ತುಂಬಿಸಿ. ನೂರೈವತ್ತು ಎಫ್‌ಐಆರ್ ಓದೋದು ಎರಡು ದಿನದ ಕೆಲಸ. ಈ ಎರಡು ದಿನ ಉಳಿಸೋಕೆ ಹೋಗಬೇಡಿ, ನಿಜವಾದ ವಿಶ್ಲೇಷಣೆ ಇಲ್ಲೇ ನಡೆಯೋದು.

ಹಾಗೆ ಬೇರ್ಪಡಿಸಿದ ಮೇಲೆ ಕಾಫಿ–ಮೆಣಸಿನವು ಮೂವತ್ತೋ ನಲವತ್ತೋ ಉಳಿಯಬಹುದು. ಅಷ್ಟಕ್ಕೆ ಹೀಟ್‌ಮ್ಯಾಪ್ ಬೇಡವೇ ಬೇಡ. ಪ್ರತಿ ಬಿಂದುವಿನ ಸುತ್ತ ಬಣ್ಣ ಹರಡುವ ತ್ರಿಜ್ಯ 500 ಮೀಟರ್ ಇದ್ದದ್ದನ್ನು 2,000 ಮಾಡಿದರೆ ಚಿತ್ರವೇ ಬದಲಾಗುತ್ತದೆ, ಆ ಬಣ್ಣ ಕಳವಿನದಲ್ಲ, ನೀವು ಕೊಟ್ಟ ತ್ರಿಜ್ಯದ್ದು. ಬಿಂದುಗಳನ್ನು ಹಾಗೇ ಇಡಿ, ಕೆಳಗೆ ರಸ್ತೆಯ ಲೇಯರ್ ಹಾಕಿ, ಕಣ್ಣಲ್ಲೇ ನೋಡಿ. 1989ರಲ್ಲಿ ಪ್ರಕಟವಾದ ಮಿನಿಯಾಪೊಲಿಸ್ ನಗರದ ಅಧ್ಯಯನದಲ್ಲಿ ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಬರೀ ಶೇ. 3ರಷ್ಟು ವಿಳಾಸಗಳಿಂದ ಅಂತ ಕಂಡಿತ್ತು. ನಮ್ಮಲ್ಲಿ ಆ ‘ವಿಳಾಸ’ದ ಜಾಗಕ್ಕೆ ರಸ್ತೆಯ ತಿರುವನ್ನು ಇಟ್ಟುಕೊಂಡು ಎಣಿಸಿ.

ಗಂಟೆ_ಲೆಕ್ಕ:

ಜಾಗದ ಬಗ್ಗೆ ನಕ್ಷೆಗಾರರು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಸಮಯಕ್ಕೆ ಬರುತ್ತೇನೆ.

ರಾತ್ರಿ 12ರ ಗೋಪುರ ಹೇಗೆ ಬಂತು ನೋಡಿ. ಸಂಜೆ 6ಕ್ಕೆ ಕಣದಲ್ಲಿ ಗುಡ್ಡೆ ಮಾಡಿ ಟಾರ್ಪಾಲಿನ್ ಹೊದಿಸಿದರು, ಬೆಳಿಗ್ಗೆ 6ಕ್ಕೆ ನೋಡಿದರೆ ಮಾಲಿಲ್ಲ. ಎಫ್‌ಐಆರ್‌ನಲ್ಲಿ ‘ಇಷ್ಟರಿಂದ ಇಷ್ಟರವರೆಗೆ’ ಅಂತ ಎರಡೂ ಸಮಯ ಇರುತ್ತದೆ. ಪಟ್ಟಿ ಮಾಡುವವರು ಒಂದೇ ಸಮಯ ಬೇಕು ಅಂತ ನಡುವಿನದನ್ನು ಹಾಕಿದರೆ 12 ಗಂಟೆ. ಎಲ್ಲ ಕಣದ ಪ್ರಕರಣವೂ ಹೀಗೇ ಆದ್ದರಿಂದ ಎಲ್ಲ 12ಕ್ಕೆ ಬಂದು ಕೂರುತ್ತವೆ. ಕಳ್ಳ 12ಕ್ಕೆ ಬಂದ ಅನ್ನೋದಕ್ಕೆ ಅಲ್ಲಿ ಯಾವ ಸಾಕ್ಷಿಯೂ ಇಲ್ಲ.

ಪ್ರಕರಣವನ್ನು ಗಂಟೆಗಳಿಗೆ ಹಂಚಬೇಕು. ಇದಕ್ಕೆ ಏಯೊರಿಸ್ಟಿಕ್ ವಿಧಾನ ಅನ್ನುತ್ತಾರೆ, ಲೆಕ್ಕ ಮಾತ್ರ ಶಾಲೆಯದು. 12 ಗಂಟೆಯ ಅವಧಿ ಇದ್ದರೆ ಪ್ರತಿ ಗಂಟೆಗೆ 1/12, ಅಂದರೆ 0.083. ಇನ್ನೊಂದು ತೋಟದಲ್ಲಿ ಕಾವಲಿನವನು 2ಕ್ಕೆ ಸುತ್ತು ಹಾಕಿದಾಗ ಇತ್ತು, 4ಕ್ಕೆ ಇಲ್ಲ ಅಂದರೆ 2ರ ಗಂಟೆಗೆ 0.5, 3ರ ಗಂಟೆಗೆ 0.5. ಎಕ್ಸೆಲ್‌ನಲ್ಲಿ 0ಯಿಂದ 23ರವರೆಗೆ 24 ಕಾಲಂ ಮಾಡಿ, ಪ್ರತಿ ಸಾಲಿಗೂ ಹಂಚಿ, ಕೆಳಗೆ ಕೂಡಿ. ಖಚಿತವಾಗಿ ಗೊತ್ತಿರುವ ಪ್ರಕರಣಕ್ಕೆ ಹೆಚ್ಚು ತೂಕ ತಾನಾಗಿ ಬರುತ್ತದೆ. ತಾರೀಖು, ಸಮಯ ಎರಡನ್ನೂ ಒಂದೇ ಸೆಲ್‌ನಲ್ಲಿ ಇಡಿ. ಬರೀ ಸಮಯ ಇಟ್ಟರೆ 18ರಿಂದ 6 ಅನ್ನೋದು ಮೈನಸ್ ಬಂದು ಇಡೀ ಸಾಲು ಕೆಡುತ್ತದೆ. 24 ಗಂಟೆ ಮೀರಿದ ಅವಧಿಯವನ್ನು ಈ ಕೋಷ್ಟಕದಿಂದ ತೆಗೆದುಬಿಡಿ, ಮ್ಯಾಪಿನಲ್ಲಿ ಮಾತ್ರ ಇರಲಿ.

ತೆಗೆಯುವಂಥವೇ ಜಾಸ್ತಿ ಬಂದರೆ ರೋಗ ತೋಟದ ಲೆಕ್ಕದಲ್ಲಿದೆ. ಗುಡ್ಡೆಯ ಒಂದು ಮಗ್ಗುಲಿಂದ ಬಾಚಿಕೊಂಡು ಟಾರ್ಪಾಲಿನ್ ಮತ್ತೆ ಎಳೆದುಬಿಟ್ಟರೆ ಚೀಲಕ್ಕೆ ತುಂಬುವ ದಿನದವರೆಗೂ ಯಾರಿಗೂ ತಿಳಿಯೋದಿಲ್ಲ. ಗೋಡೌನಿನದಂತೂ ಮಾರುವ ದಿನ ತೂಕ ಹಾಕಿದಾಗಲೇ ಗೊತ್ತಾಗೋದು. ಆಗ ಅವಧಿ ಹತ್ತು ದಿನ, ಇಪ್ಪತ್ತು ದಿನ. ಹಿಂದೆ ರಾಗಿ ರಾಶಿಗೆ ಬೂದಿ ಗುರುತು ಹಾಕುತ್ತಿದ್ದ ಹಾಗೆ, ಸಂಜೆ ಗುಡ್ಡೆಯ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹೊದಿಸಲಿ, ತೋಟದ ರೈಟರ್ (ಲೆಕ್ಕ ಬರೆಯುವವರು) ಚೀಲ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಖರ್ಚಿಲ್ಲದ ಕೆಲಸ, ಅವಧಿ ಇಪ್ಪತ್ತು ದಿನದಿಂದ ಒಂದು ರಾತ್ರಿಗೆ ಇಳಿಯುತ್ತದೆ. ಬೀಟ್ ಸಭೆಯಲ್ಲಿ ಎಚ್ಚರ ಇರಿ ಅಂತ ಹೇಳೋದಕ್ಕಿಂತ ಇದನ್ನು ಹೇಳಿಕೊಡಿ.

ವರ್ಷದ ಲೆಕ್ಕವನ್ನು ಜನವರಿ–ಡಿಸೆಂಬರ್ ಇಡಬೇಡಿ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್, ಮೆಣಸು ಫೆಬ್ರವರಿಯಿಂದ ಏಪ್ರಿಲ್. ಡಿಸೆಂಬರ್ 31ಕ್ಕೆ ಗೆರೆ ಎಳೆದರೆ ಒಂದೇ ಕೊಯ್ಲು ಎರಡು ತುಂಡಾಗುತ್ತದೆ. ಕಾಫಿ ಮಂಡಳಿಯ ಹಾಗೆ ಅಕ್ಟೋಬರ್‌ನಿಂದ ಸೆಪ್ಟೆಂಬರ್ ಹಿಡಿಯಿರಿ. ವಾರದ ದಿನ ನೋಡುವಾಗ ಬಟವಾಡೆ ದಿನ ಯಾವುದು ಅಂತ ತೋಟವಾರು ಬರೆದುಕೊಳ್ಳಿ, ಒಂದೊಂದು ಕಡೆ ಒಂದೊಂದು ದಿನ ಇರುತ್ತದೆ.

ಇದೇ ಮಾತು ಹಾಸನ ನಗರದವರಿಗೂ: ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳ ಜೇಬುಗಳ್ಳತನ, ಮೊಬೈಲ್ ಕಳವನ್ನು ಬೇರೆ ಹಾಳೆಗೆ ಹಾಕಿ. ಆ ದಿನಗಳು ಪಂಚಾಂಗದ ಪ್ರಕಾರ ಪ್ರತಿ ವರ್ಷ ಹಿಂದೆ ಮುಂದೆ ಆಗುವುದರಿಂದ ತಿಂಗಳಿಗೆ ತಿಂಗಳು ಹೋಲಿಸಿದರೆ ಒಂದು ವರ್ಷ ಏರಿದ ಹಾಗೆ, ಇನ್ನೊಂದು ವರ್ಷ ಇಳಿದ ಹಾಗೆ ಕಾಣುತ್ತದೆ.

ಪಾಯಿಂಟ್_ಬುಕ್:

ಒಂದು ಜೀಪಿನ ಪ್ರಶ್ನೆಗೆ ಬರೋಣ. ಒಂದೇ ಕಡೆ ರಾತ್ರಿಯಿಡೀ ನಿಲ್ಲೋದರಿಂದ ಲಾಭವಿಲ್ಲ. 1995ರಲ್ಲಿ ಸಂಶೋಧಕ ಕೋಪರ್ ಅವರು ಮಿನಿಯಾಪೊಲಿಸ್‌ನ ಗಸ್ತಿನ ದಾಖಲೆ ನೋಡಿ ಹೇಳಿದ್ದು: ಹಾಟ್‌ಸ್ಪಾಟಿನಲ್ಲಿ 10ರಿಂದ 15 ನಿಮಿಷ ನಿಂತು ಹೊರಟರೆ, ಹೋದ ಮೇಲೂ ಅದರ ಪರಿಣಾಮ ಸ್ವಲ್ಪ ಹೊತ್ತು ಉಳಿಯುತ್ತದೆ, ಅದಕ್ಕಿಂತ ಹೆಚ್ಚು ನಿಂತರೆ ಹೆಚ್ಚಿನ ಫಲವಿಲ್ಲ. ಅದು ನಗರದ ಮಾತು, ಅಲ್ಲಿ ಮುಂದಿನ ಜಾಗ ಎರಡು ನಿಮಿಷದ ದಾರಿ. ನಮ್ಮ ತೋಟದ ರಸ್ತೆಯಲ್ಲಿ ಪಾಯಿಂಟಿನಿಂದ ಪಾಯಿಂಟಿಗೆ 25 ನಿಮಿಷ ಹಿಡಿಯಿರಿ. ರಾತ್ರಿ 10ರಿಂದ 5, ಒಟ್ಟು 420 ನಿಮಿಷ. ದಾರಿ 25, ನಿಲುಗಡೆ 15, ಒಂದಕ್ಕೆ 40. ಕಾಗದದಲ್ಲಿ ಹತ್ತು ಪಾಯಿಂಟ್ ಬರುತ್ತದೆ. ತುರ್ತು ಸಹಾಯವಾಣಿ 112ರ ಕರೆ, ಹೆದ್ದಾರಿ ಅಪಘಾತ ಕಳೆದರೆ ಆರು. ಹದಿನೈದು ಪಾಯಿಂಟ್ ಬರೆದುಕೊಟ್ಟರೆ ಗಸ್ತಿನವರು ನಿಲ್ಲದೆ ಓಡಿ ಸಹಿ ಹಾಕಿ ಬರುತ್ತಾರೆ, ಅದು ಅವರ ತಪ್ಪಲ್ಲ.

ಆ ಆರನ್ನು ನಕ್ಷೆಗಾರರು ಹೇಳಿದ ತಿರುವುಗಳಿಂದ ಆರಿಸಿ, ಗಂಟೆ ಕೋಷ್ಟಕದಲ್ಲಿ ಮೇಲಿರುವ ಮೂರು ಗಂಟೆಗೆ ನಾಲ್ಕನ್ನು ಇಡಿ. ಸರದಿ ದಿನಾ ಬದಲಾಗಲಿ. ಒಂದೇ ಕ್ರಮದಲ್ಲಿ ಹೋದರೆ ಮೂರನೇ ದಿನಕ್ಕೆ ಊರಿಗೆಲ್ಲ ಸಮಯ ಗೊತ್ತಾಗುತ್ತದೆ.

ತೋಟದೊಳಗೆ ಕಾಲ್ನಡಿಗೆ ಗಸ್ತು ಬರೆಯಬೇಡಿ. ಸಕಲೇಶಪುರ, ಆಲೂರು, ಬೇಲೂರು ಮೂರರಲ್ಲೂ ಕಾಡಾನೆ ಇದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರಿಂದ ಸಂಜೆಯೇ ಹಿಂಡು ಎಲ್ಲಿದೆ ಅಂತ ಕೇಳಿಕೊಂಡು ಆ ರಾತ್ರಿ ಆ ಕಡೆಯ ಪಾಯಿಂಟ್ ಬದಲಿಸಿ. ಆನೆ ಇರುವ ಕಡೆ ಕಳ್ಳನೂ ಮೂಟೆ ಹೊರುವ ಧೈರ್ಯ ಮಾಡೋದಿಲ್ಲ.

ಪಾಯಿಂಟಿನಲ್ಲಿ ಏನು ಮಾಡಬೇಕು ಅಂತಲೂ ಬರೆದುಕೊಡಿ. ಮೂಟೆ ಹೊತ್ತ ವಾಹನ ಬಂದರೆ ತೋಟದ ಚೀಟಿ ಅಥವಾ ಬಿಲ್ ಕೇಳಿ, ನಂಬರ್, ಸಮಯ, ಚೀಲದ ಲೆಕ್ಕ ಬರೆಯೋದು. ಬೆಳಿಗ್ಗೆ ದೂರು ಬಂದರೆ ಈ ಒಂದು ಸಾಲೇ ಪತ್ತೆಗೆ ದಾರಿ. ಜೊತೆಗೆ ಕೊಳ್ಳುವ ಕಡೆಯನ್ನೂ ನೋಡಿ. ಹಸಿ ಹಣ್ಣು, ಹಸಿ ಮೆಣಸನ್ನು ಬಹಳ ದಿನ ಇಟ್ಟುಕೊಳ್ಳೋಕಾಗೋದಿಲ್ಲ, ಒಂದೆರಡು ದಿನದಲ್ಲಿ ಯಾರೋ ಕೊಳ್ಳಲೇಬೇಕು. ಮಾರಿದವರ ಹೆಸರು, ಫೋನ್ ನಂಬರ್, ವಾಹನದ ನಂಬರ್ ಬರೆದುಕೊಳ್ಳುವಂತೆ ಸಣ್ಣ ವ್ಯಾಪಾರಿಗಳಿಗೆ ಕೊಯ್ಲಿನ ಮುಂಚೆಯೇ ಸಭೆ ಕರೆದು ಹೇಳಿ. ಕಳವಿನ ಮಾಲು ಅಂತ ಗೊತ್ತಿದ್ದೂ ಕೊಂಡರೆ ಬಿಎನ್‌ಎಸ್ 317 ಬರುತ್ತದೆ ಅನ್ನೋದು ಅವರಿಗೂ ಗೊತ್ತಿರಲಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತೋಟದ ಕಾರ್ಮಿಕರ ಲೈನ್ ಮನೆಗಳನ್ನೇ, ಹೊರ ರಾಜ್ಯದ ಕೂಲಿಯವರನ್ನೇ ತಪಾಸಣೆ ಮಾಡುತ್ತ ಹೋದರೆ ಪಟ್ಟಿಯಲ್ಲಿ ಅವರ ಹೆಸರೇ ತುಂಬುತ್ತದೆ. ಮುಂದಿನ ವರ್ಷ ಆ ಪಟ್ಟಿ ನೋಡಿ ಮತ್ತೆ ಅವರ ಹತ್ತಿರವೇ ಹೋಗುತ್ತೀರಿ. ಪೊಲೀಸರು ಎಲ್ಲಿ ಹುಡುಕಿದರೋ ಅಲ್ಲೇ ಅಂಕಿ ಬೆಳೆಯುತ್ತದೆ. ಕಂಪ್ಯೂಟರ್ ಮುನ್ಸೂಚನೆಯ ಮೇಲೆ ಬಂದ ದೊಡ್ಡ ಆಕ್ಷೇಪವೂ ಇದೇ, ಲಾಸ್ ಏಂಜಲೀಸ್ ಪೊಲೀಸರು 2020ರಲ್ಲಿ ಅಂಥ ಸಾಫ್ಟ್‌ವೇರನ್ನು ಕೈಬಿಟ್ಟರು. ನೀವು ಜಾಗ, ಗಂಟೆ, ವಾಹನ ಇಷ್ಟರ ಮೇಲೆ ವಿಶ್ಲೇಷಣೆ ಮಾಡಿ. ಜನರ ಗುಂಪಿನ ಮೇಲೆ ಮಾಡಬೇಡಿ.

ಹೇಮಾವತಿ_ದಂಡೆ:

ಮೂವರಿಗೂ ತುಂಬಾ ಧನ್ಯವಾದ. ಬಿಂದುಗಳನ್ನು ಎಣಿಸಿದೆ, ನಕ್ಷೆಗಾರರು ಹೇಳಿದ ಹಾಗೇ ಊರ ಮಧ್ಯದ ಒಂದೇ ಬಿಂದುವಿನಲ್ಲಿ ಹಲವು ತೋಟ ಕೂತಿವೆ. ಇನ್ನೊಂದು ಸಂಶಯ: ಕೊಯ್ಲು ಮುಗಿದ ಮೇಲೆ ಕ್ರೈಂ ಮೀಟಿಂಗ್‌ನಲ್ಲಿ ‘ಎಷ್ಟು ಪರ್ಸೆಂಟ್ ಇಳಿಯಿತು’ ಅಂತ ಕೇಳುತ್ತಾರೆ. ಏನು ತೋರಿಸಲಿ?

ಗಂಟೆ_ಲೆಕ್ಕ:

ಪರ್ಸೆಂಟ್ ತೋರಿಸಬೇಡಿ, ಎಣಿಕೆ ತೋರಿಸಿ. ಉದಾಹರಣೆಗೆ ಹೋದ ಕೊಯ್ಲಿನಲ್ಲಿ 9, ಈ ಸಲ 5 ಅಂದುಕೊಳ್ಳಿ. ಶೇ. 44 ಇಳಿಕೆ ಅಂದರೆ ಎಲ್ಲರೂ ತಲೆದೂಗುತ್ತಾರೆ. ಆದರೆ ಇಂಥ ಸಣ್ಣ ಎಣಿಕೆ ಆಕಸ್ಮಿಕವಾಗಿಯೇ ಸುಮಾರು ತನ್ನ ವರ್ಗಮೂಲದ ಎರಡರಷ್ಟು ಆಚೀಚೆ ಆಗಬಹುದು. 9ರ ವರ್ಗಮೂಲ 3, ಅದರ ಎರಡರಷ್ಟು 6. ಏನೂ ಮಾಡದೆ ಇದ್ದರೂ 3ರಿಂದ 15ರವರೆಗೆ ಏರಿಳಿಯಬಹುದಾದ ಸಂಖ್ಯೆ ಅದು. ಅತಿ ಹೆಚ್ಚು ಕಳವಾದ ವರ್ಷದ ಮರುವರ್ಷ ತಾನಾಗಿಯೂ ಇಳಿಯುತ್ತದೆ. ಮೂರು ಕೊಯ್ಲಿನ ಸರಾಸರಿಗೆ ಹೋಲಿಸಿ, ಪಾಯಿಂಟ್ ಬದಲಿಸದ ಪಕ್ಕದ ಠಾಣೆಯ ಎಣಿಕೆಯನ್ನೂ ಪಕ್ಕದಲ್ಲೇ ಇಡಿ. ಆ ಹಂಗಾಮಿನ ಕಾಫಿ ಬೆಲೆಯನ್ನೂ ಒಂದು ಸಾಲು ಬರೆಯಿರಿ, ಬೆಲೆ ಏರಿದ ವರ್ಷ ಕಣದ ಮೇಲೆ ಕಣ್ಣು ಜಾಸ್ತಿ.

ಎಫ್‌ಐಆರ್ ಒಂದನ್ನೇ ಅಳತೆಗೋಲು ಮಾಡಿದರೆ ಎಫ್‌ಐಆರ್ ಹಾಕದಿರುವ ಆಸೆ ಹುಟ್ಟುತ್ತದೆ. 1994ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಕಾಂಪ್‌ಸ್ಟಾಟ್ (ಅಪರಾಧದ ಅಂಕಿ ಇಟ್ಟು ಪೊಲೀಸ್ ಅಧಿಕಾರಿಗಳನ್ನು ಉತ್ತರ ಕೇಳುವ) ಪದ್ಧತಿಯ ಮೇಲೆ, ಅಂಕಿಯ ಒತ್ತಡಕ್ಕೆ ದೊಡ್ಡ ಅಪರಾಧವನ್ನು ಸಣ್ಣದಾಗಿ ಬರೆದರು ಅನ್ನೋ ಆರೋಪ ಬಂದದ್ದು ಹೀಗೇ. ಅದಕ್ಕೆ 112ಕ್ಕೆ ಬಂದ ಕಳವಿನ ಕರೆ, ಠಾಣೆಗೆ ಬಂದ ಅರ್ಜಿ, ಎಫ್‌ಐಆರ್ ಮೂರನ್ನೂ ಅಕ್ಕಪಕ್ಕ ಇಡಿ. ಕರೆ, ಅರ್ಜಿ ಹಾಗೇ ಇದ್ದು ಎಫ್‌ಐಆರ್ ಮಾತ್ರ ಇಳಿದಿದ್ದರೆ ಕಳವು ಇಳಿದಿಲ್ಲ. ಬೀಟಿನವರು ತೋಟ ತೋಟಕ್ಕೆ ಹೋಗಿ ಮಾತಾಡಿದ ಮೊದಲ ವರ್ಷ ಎಫ್‌ಐಆರ್ ಏರಿದರೆ ಹೆದರಬೇಡಿ, ಮೊದಲು ಹೇಳದೆ ಇದ್ದವರು ಈಗ ಹೇಳುತ್ತಿದ್ದಾರೆ ಅಂತಲೂ ಇರಬಹುದು. ಅದನ್ನು ಪರೀಕ್ಷಿಸೋಕೆ ಒಂದು ದಾರಿ ಇದೆ: ಕಳವು ತಿಳಿದದ್ದಕ್ಕೂ ದೂರು ಕೊಟ್ಟದ್ದಕ್ಕೂ ನಡುವೆ ಎಷ್ಟು ದಿನ ಹೋಯಿತು ಅಂತ ಪ್ರತಿ ಪ್ರಕರಣಕ್ಕೂ ಬರೆದುಕೊಳ್ಳಿ. ಆ ಅಂತರ ಕಿರಿದಾಗುತ್ತ ಬಂದಿದ್ದರೆ ಜನ ಬೇಗ ಬರುತ್ತಿದ್ದಾರೆ.

ಪಾಯಿಂಟ್_ಬುಕ್:

ಮೀಟಿಂಗ್ ಹಾಳೆಗೆ ಇನ್ನೊಂದು ಕಾಲಂ ಸೇರಿಸಿ: ಪಾಯಿಂಟಿನಲ್ಲಿ ನಿಜವಾಗಿ ನಿಂತ ನಿಮಿಷ. ಬರೆದುಕೊಟ್ಟ ಆರರಲ್ಲಿ ಎರಡಕ್ಕೇ ಹೋಗೋಕಾಗಿದ್ದರೆ, ಕಳವು ಇಳಿದರೂ ಏರಿದರೂ ಅದಕ್ಕೆ ಪಾಯಿಂಟ್ ಕಾರಣವಲ್ಲ.