ಎರಡೇ ಹನಿ ಹಾಲು, ಬಾಟಲಿ ಶುರು ಮಾಡಬೇಕಾ?

ಪ್ರಶ್ನೆ: ತಂಗಿಗೆ ಹೆರಿಗೆಯಾಗಿ ಎರಡು ದಿನ ಆಯ್ತು. ಹಳದಿ ಗಟ್ಟಿ ಹಾಲು ಒಂದೆರಡು ಹನಿ ಮಾತ್ರ ಬರುತ್ತಿದೆ. ಮಗುವಿಗೆ ಸಾಲುತ್ತಾ? ತುಂಬಾ ಭಯ ಆಗುತ್ತಿದೆ.

ಉತ್ತರ 1: ಆ ಹಾಲನ್ನು ದಯವಿಟ್ಟು ಹಿಂಡಿ ಚೆಲ್ಲಬೇಡಿ. ಸೋಂಕು ತಡೆಯುವ ಅಂಶ ಅದರಲ್ಲೇ ಜಾಸ್ತಿ, ಮಗುವಿನ ಹೊಟ್ಟೆಯೂ ಪುಟ್ಟದು ಅಲ್ವಾ. ದಿನಕ್ಕೆ 8ರಿಂದ 12 ಸಲ ಎದೆಗೆ ಹಾಕಿಕೊಳ್ಳಲಿ, ಚೀಪಿದಷ್ಟೂ ಹಾಲು ಹೆಚ್ಚುತ್ತದೆ. 6 ತಿಂಗಳವರೆಗೆ ನೀರೂ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಉತ್ತರ 2: ನಿಜ. ಆದರೆ ಮಗು ಮಂಕಾಗಿ ಹಾಲಿಗೂ ಏಳದಿದ್ದರೆ, ಉಚ್ಚೆ ತೀರಾ ಕಡಿಮೆಯಾದರೆ ಸುಮ್ನೆ ಕಾಯಬೇಡಿ, ತಕ್ಷಣ ವೈದ್ಯರಿಗೆ ತೋರಿಸಿ. ಅವರು ಹೇಳಿದರೆ ಶಿಶುಗಳಿಗೆಂದೇ ಮಾಡಿದ ಪುಡಿ ಹಾಲು (ಫಾರ್ಮುಲಾ) ಕೊಡುವುದು ತಪ್ಪೇನಲ್ಲ. ಪುಡಿಯಲ್ಲೂ ರೋಗಾಣು ಇರಬಹುದು, ಹಾಗಾಗಿ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮುಂಚೆಯೇ ಕಲಸಿ, ಚೆನ್ನಾಗಿ ಆರಿಸಿ ಕೊಡಿ. ಅಳತೆಗಿಂತ ನೀರು ಜಾಸ್ತಿ ಬೇಡ.