ಚಿಯಾ ಬೀಜ ಮತ್ತು ಶುಗರ್ ಮಾತ್ರೆ: ಮನೆ ಗುಂಪಿನಲ್ಲಿ ವಾದ

ದೊಡ್ಡಪ್ಪ: ಫಾರ್ವರ್ಡ್ ಬಂದಿದೆ, ಓದಿ. "ದಿನಾ ಬೆಳಿಗ್ಗೆ ಒಂದು ಚಮಚ ಚಿಯಾ ಬೀಜ! ಹಾಲಿಗಿಂತ 5 ಪಟ್ಟು ಕ್ಯಾಲ್ಸಿಯಂ. ತಿಂಗಳಲ್ಲಿ ತೂಕ ಇಳಿಕೆ. ಶುಗರ್ ಮಾತ್ರೆ ಬಿಟ್ಟುಬಿಡಿ. 10 ಜನರಿಗೆ ಕಳಿಸಿ." ನಾನು ಇವತ್ತೇ ಶುರು ಮಾಡಿದೆ.

ಅತ್ತೆ: ಒಳ್ಳೇದಾಯ್ತು. ಇದು ನಮ್ಮ ಕಾಮಕಸ್ತೂರಿ ಬೀಜಾನೇ ಅಲ್ವಾ?

ಪಲ್ಲವಿ: ಅಲ್ಲ ಅತ್ತೆ. ಕಾಮಕಸ್ತೂರಿ ಪೂರ್ತಿ ಕಪ್ಪು, ನೀರಿಗೆ ಬಿದ್ದ ಕೂಡಲೇ ಉಬ್ಬುತ್ತದೆ. ಚಿಯಾ ಬೂದು-ಬಿಳಿ ಚುಕ್ಕೆ ಇರುವ ಬೀಜ, ನೆನೆಯೋದು ನಿಧಾನ. ಮೂಲ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯದು. ಈಗ ನಮ್ಮ ಎಚ್.ಡಿ. ಕೋಟೆ ರೈತರೂ ಬೆಳೆಯುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದಕ್ಕೆ ದಾರಿ ಮಾಡಿಕೊಟ್ಟಿತು.

ಪಲ್ಲವಿ: ದೊಡ್ಡಪ್ಪ, ಮಾತ್ರೆ ಬಿಟ್ಟಿಲ್ಲ ತಾನೆ?

ದೊಡ್ಡಪ್ಪ: ಬೆಳಿಗ್ಗೆ ತಗೊಂಡಿಲ್ಲ. ನೋಡೋಣ ಅಂತ.

ಪಲ್ಲವಿ: ದಯವಿಟ್ಟು ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಚಿಯಾದ ನಾರು ನೀರು ಹೀರಿ ಲೋಳೆಯಾಗುತ್ತದೆ. ಊಟದ ಜೊತೆ ತಿಂದರೆ ಸಕ್ಕರೆ ರಕ್ತಕ್ಕೆ ಸ್ವಲ್ಪ ನಿಧಾನವಾಗಿ ಸೇರುತ್ತದೆ. ಅಷ್ಟೇ. ಮಾತ್ರೆಯ ಕೆಲಸವನ್ನು ಅದು ಮಾಡುವುದಿಲ್ಲ.

ಕಿರಣ: ಹಾಗಂತ ಸುಮ್ನೆ ಎಲ್ಲಾ ಸುಳ್ಳು ಅನ್ನಬೇಡ. ಕ್ಯಾಲ್ಸಿಯಂ ಮಾತು ನಿಜ. 100 ಗ್ರಾಂ ಚಿಯಾದಲ್ಲಿ ಸುಮಾರು 630 ಮಿಲಿಗ್ರಾಂ, ಹಾಲಿನಲ್ಲಿ 120.

ಪಲ್ಲವಿ: 100 ಗ್ರಾಂ ಯಾರು ತಿನ್ನುತ್ತಾರೆ ಕಿರಣ? ಒಂದು ದೊಡ್ಡ ಚಮಚ ಅಂದರೆ 12 ಗ್ರಾಂ. ಅದರಲ್ಲಿ 75 ಮಿಲಿಗ್ರಾಂ. 200 ಮಿಲಿ ಲೋಟದ ಹಾಲಿನಲ್ಲಿ 240. ಈಗ ಹೇಳು, ಯಾವುದು ಜಾಸ್ತಿ? ಚಿಯಾದಲ್ಲಿ ಮೆಚ್ಚಬೇಕಾದ್ದು ನಾರು. ಆ ಒಂದೇ ಚಮಚದಲ್ಲಿ 4 ಗ್ರಾಂ ಇದೆ. ಮೂರು ಹೊತ್ತೂ ಅನ್ನ ತಿನ್ನುವ ನಮ್ಮ ಮನೆಯವರಿಗೆ ಅದು ಬೇಕೇ ಬೇಕು. ಒಮೆಗಾ-3 ಅನ್ನೋ ಒಳ್ಳೆಯ ಕೊಬ್ಬು ಕೂಡ 2 ಗ್ರಾಂ ಇದೆ. ಆದರೆ ಅದು ಮೀನಿನಲ್ಲಿರುವ ಬಗೆಯದಲ್ಲ, ನಮ್ಮ ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಆ ರೂಪಕ್ಕೆ ತಂದುಕೊಳ್ಳುತ್ತದೆ.

ಧಾರವಾಡದ ಚಿಕ್ಕಮ್ಮ: ನಾವು ಚಟ್ನಿಪುಡಿಗೆ ಹಾಕುವ ಅಗಸೆಯಲ್ಲಿ ಒಮೆಗಾ-3 ಇನ್ನೂ ಜಾಸ್ತಿ ಇದೆ. ಬೆಲೆಯೂ ಕಡಿಮೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ಕಿರಣ: ತೂಕ ಇಳಿಯುತ್ತೆ ಅನ್ನೋದು?

ಪಲ್ಲವಿ: 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ದಪ್ಪ ಇರುವವರಿಗೆ ದಿನಕ್ಕೆ 50 ಗ್ರಾಂನಂತೆ 12 ವಾರ ಕೊಟ್ಟರು. ತೂಕ ಇಳಿಯಲಿಲ್ಲ. 2017ರ ಕೆನಡಾ ಅಧ್ಯಯನದಲ್ಲಿ ಸುಮಾರು 2 ಕೆಜಿ ಇಳಿಯಿತು. ಆದರೆ ಅದಕ್ಕೆ 6 ತಿಂಗಳು ಹಿಡಿಯಿತು, ಊಟದ ಕ್ಯಾಲೊರಿಯನ್ನೂ ಕಡಿಮೆ ಮಾಡಿದ್ದರು.

ಅಮ್ಮ: ಭಾವ, ಹೇಗೆ ತಗೊಂಡಿರಿ? ನೆನೆಸಿದ್ರಾ?

ದೊಡ್ಡಪ್ಪ: ಇಲ್ಲ. ಒಣ ಬೀಜ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

ಪಲ್ಲವಿ: ಅಯ್ಯೋ, ಹಾಗೆ ಮಾಡಲೇಬೇಡಿ! ಇದು ತನ್ನ ತೂಕದ 10 ಪಟ್ಟಿಗಿಂತ ಜಾಸ್ತಿ ನೀರು ಹೀರುತ್ತದೆ. ಅಮೆರಿಕದಲ್ಲಿ ಒಬ್ಬರು ಹೀಗೇ ಒಂದು ಚಮಚ ಒಣ ಬೀಜ ನುಂಗಿ ನೀರು ಕುಡಿದರು. ಬೀಜ ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡು, ವೈದ್ಯರು ಎಂಡೋಸ್ಕೋಪಿ ಮಾಡಿ ಬಿಡಿಸಬೇಕಾಯಿತು. 2014ರಲ್ಲಿ ಅದು ವರದಿಯಾಗಿತ್ತು. ನಿಮಗೂ ಚಪಾತಿ ನುಂಗುವಾಗ ಗಂಟಲು ಹಿಡಿಯುತ್ತೆ ಅಲ್ವಾ? ರಾತ್ರಿಯೇ ಮಜ್ಜಿಗೆಯಲ್ಲಿ ನೆನೆಸಿಡಿ. ಮೊದಲು ಅರ್ಧ ಚಮಚ ಸಾಕು. ದಿನವಿಡೀ ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆ ಕಟ್ಟುತ್ತದೆ.

ದೊಡ್ಡಪ್ಪ: ಡಾಕ್ಟರ್ ಹತ್ತಿರ ಮಾತಾಡಿದೆ. ಬೈದರು. ಮಾತ್ರೆ ಬಿಡುವುದಿಲ್ಲ. ಆದರೆ ಫಾರ್ವರ್ಡ್ ಡಿಲೀಟ್ ಮಾಡುವುದಿಲ್ಲ, ಬೀಜ ಒಳ್ಳೇದು ಅಂತ ನೀನೇ ಹೇಳಿದೆಯಲ್ಲ.

ಪಲ್ಲವಿ: ಮಾತ್ರೆ ಬಿಡಿ ಅನ್ನುವ ಸಾಲನ್ನಾದರೂ ತೆಗೆದು ಮತ್ತೆ ಕಳಿಸಿ ದೊಡ್ಡಪ್ಪ. ಈಗಾಗಲೇ ಯಾರಿಗೆಲ್ಲ ಕಳಿಸಿದ್ದೀರೋ ಅವರಿಗೂ ಹೇಳಿ. ನಿಮ್ಮ ವಾಕಿಂಗ್ ಗೆಳೆಯರಲ್ಲಿ ಅರ್ಧ ಜನಕ್ಕೆ ಶುಗರ್ ಇದೆ.